ದತ್ತಸಂಚಯದಲ್ಲಿ ಶೀಘ್ರ ಶೋಧನೆ

ಕಳೆದ ವರ್ಷ ಮಳೆಗಾಲವು ಆರಂಭವಾದ ವಾರದಲ್ಲಿ ನಮ್ಮ ಶಾಲೆಯ ಕಚೇರಿಗೆ ವೃದ್ಧರೊಬ್ಬರು ಬಂದಿದ್ದರು. ಐವತ್ತು ವರ್ಷಗಳಷ್ಟು ಹಿಂದೆ ಅವರು ಇದೇ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತು, ಬಳಿಕ ಹೋಟೆಲಿನ ದುಡಿಮೆಗೆ ಸೇರಿದವರು. ತಮ್ಮ ಜನ್ಮದಿನಾಂಕವನ್ನು ತೋರಿಸಿಕೊಡಲು ಅವರಿಗೆ ಶಾಲೆ ಬಿಟ್ಟ ದಾಖಲೆಯ ಪ್ರತಿಯೊಂದು ಬೇಕಾಗಿತ್ತು; ಅದಿಲ್ಲದೆ ನಿವೃತ್ತಿ ವೇತನದ ಅರ್ಜಿಯು ಮುಂದೆ ಸಾಗುವಂತಿರಲಿಲ್ಲ. ಅವರ ಹೆಸರು ಲಕ್ಷ್ಮಣ ಎಂದಿಟ್ಟುಕೊಳ್ಳೋಣ. ಶಾಲೆಗೆ ಸೇರಿದ ವರ್ಷವು ಅವರಿಗೆ ನಿಶ್ಚಯವಾಗಿ ನೆನಪಿರಲಿಲ್ಲ. ಜನರಲ್ ರಜಿಸ್ಟರಿನ ಕ್ರಮಸಂಖ್ಯೆಯಂತೂ ನೆನಪಿರುವ ಸಂಭವವೇ ಇಲ್ಲ.

ಹಳೆಯ ರಜಿಸ್ಟರುಗಳನ್ನು ನಾವು ಅದಕ್ಕೆ ಮೊದಲೇ ಗಣಕಯಂತ್ರಕ್ಕೆ ಏರಿಸಿದ್ದೆವು. ಆದುದರಿಂದ ಕೆಲಸವು ಕ್ಷಣಮಾತ್ರದ್ದೆಂದು ಭಾವಿಸಿ ಹೆಸರನ್ನು ಬೆರಳಚ್ಚಿಸಿದೆವು. ಅಂಥ ಹೆಸರಿಲ್ಲವೆಂಬ ಉತ್ತರವು ಕಣ್ಣೆವೆಯಿಕ್ಕುವುದರೊಳಗೆ ಬಂದಿತು. ವೃದ್ಧರ ಮುಖವು ಬಾಡಿತು. ಅನಂತರ ಗುಮಾಸ್ತರೂ ನಾವೂ ಕುಳಿತು, ಕಪಾಟಿನಿಂದ ರಜಿಸ್ಟರುಗಳನ್ನು ಇಳಿಸಿ, ಎರಡು ದಿನಗಳ ಕಾಲ ಒಂದೊಂದೇ ಪುಟವನ್ನು ತಿರುವಿದೆವು. ಎರಡನೆಯ ದಿನ ಸಂಜೆ ಹೆಸರು ಸಿಕ್ಕಿತು. ಅದನ್ನು ಅಂದಿನ ಗುರುಗಳು ‘ಲಕ್ಷುಮಣ’ ಎಂದು ಬರೆದಿದ್ದರು. ಮನೆತನದ ಹೆಸರಿನ ಸ್ಥಾನದಲ್ಲಿ ಊರಿನ ಹೆಸರಿತ್ತು. ಗಣಕಯಂತ್ರವು ಕ್ಷಣದಲ್ಲಿ ಇಲ್ಲವೆಂದಿತು; ಕಾಗದವು ಎರಡು ದಿನಗಳ ಬಳಿಕ ಇದೆಯೆಂದಿತು.

ಈ ಪ್ರಸಂಗದಿಂದ ನಮ್ಮ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಉಳಿದವು. ಸಂಗ್ರಹಿಸಿಟ್ಟ ಮಾಹಿತಿಯಲ್ಲಿ ಬೇಕಾದುದು ಬೇಗನೆ ಸಿಗುವಂತೆ ಮಾಡುವುದು ಹೇಗೆ? ಬೇಗನೆ ಬಂದ ಉತ್ತರವು ಸರಿಯಾದ ಉತ್ತರವೂ ಆಗಿರುವಂತೆ ಮಾಡುವುದು ಹೇಗೆ? ಪ್ರಸ್ತುತ ಲೇಖನದಲ್ಲಿ ಇವೆರಡನ್ನೂ ಕ್ರಮವಾಗಿ ವಿಚಾರಿಸೋಣ.

೧. ಕೋಷ್ಟಕವೂ ಕೀಲಿಯೂ

ವ್ಯವಸ್ಥಿತವಾಗಿ ಕೂಡಿಟ್ಟ ಮಾಹಿತಿಯ ಭಂಡಾರಕ್ಕೆ ದತ್ತಸಂಚಯ ಅಥವಾ ಡೇಟಾಬೇಸ್ ಎಂದು ಹೆಸರು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ದತ್ತಸಂಚಯಗಳ ರೀತಿಯನ್ನು ಮೊದಲು ವಿವರಿಸಿದವರು ಎಡ್ಗರ್ ಕಾಡ್ ಎಂಬ ಗಣಿತಜ್ಞರು. ಇಂಗ್ಲೆಂಡಿನಲ್ಲಿ ಹುಟ್ಟಿದ ಇವರು ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿದ್ದಾಗ, ೧೯೭೦ರ ಜೂನ್ ತಿಂಗಳಲ್ಲಿ, ಈ ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಅವರ ವಿಚಾರದ ಸಾರವಿಷ್ಟೆ: ಎಲ್ಲ ಮಾಹಿತಿಯನ್ನೂ ಕೋಷ್ಟಕಗಳಲ್ಲಿ ಇಡಬೇಕು, ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಎರಡರಲ್ಲಿಯೂ ಇರುವ ಸಮಾನ ಅಂಶದಿಂದ ಗುರುತಿಸಬೇಕು, ಕೇಳುವವನು ತನಗೆ ಏನು ಬೇಕೆಂಬುದನ್ನು ಮಾತ್ರ ಹೇಳಬೇಕು, ಅದನ್ನು ಯಾವ ದಾರಿಯಿಂದ ಹುಡುಕಬೇಕೆಂಬುದನ್ನು ಯಂತ್ರವೇ ನಿರ್ಣಯಿಸಬೇಕು. ಹೀಗೆ ಕೇಳುವುದಕ್ಕಾಗಿ ೧೯೭೪ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬವರು ರೂಪಿಸಿದ ಭಾಷೆಯೇ ಇಂದಿನ ಎಸ್.ಕ್ಯೂ.ಎಲ್.

ನಮ್ಮ ವಚನಸಾಹಿತ್ಯದಿಂದ ಒಂದು ಉದಾಹರಣೆಯನ್ನು ಕೊಡುವೆವು. ವಚನಗಳದೊಂದು ಕೋಷ್ಟಕ, ವಚನಕಾರರದೊಂದು ಕೋಷ್ಟಕ. ವಚನಕಾರರ ಊರು, ಕಾಲ, ಕಾಯಕ ಇವನ್ನು ಪ್ರತಿಯೊಂದು ವಚನದ ಜೊತೆಗೂ ಮತ್ತೆ ಮತ್ತೆ ಬರೆಯಬೇಕಾಗಿಲ್ಲ. ವಚನದ ಕೊನೆಯಲ್ಲಿರುವ ಅಂಕಿತವೇ ಎರಡನ್ನೂ ಜೋಡಿಸುವುದು. ‘ಗುಹೇಶ್ವರ’ ಎಂದರೆ ಅಲ್ಲಮಪ್ರಭು. ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕಮಹಾದೇವಿ. ‘ಕೂಡಲಸಂಗಮದೇವ’ ಎಂದರೆ ಬಸವಣ್ಣನವರು. ಗಣಕಶಾಸ್ತ್ರದಲ್ಲಿ ಇಂಥ ಜೋಡಿಸುವ ಅಂಶಕ್ಕೆ ಕೀಲಿ ಎನ್ನುವರು.

ಆದರೆ ಬರಹದ ಪದವನ್ನೇ ಕೀಲಿಯನ್ನಾಗಿ ನಂಬುವುದರಲ್ಲಿ ಅಪಾಯವಿದೆ. ಒಂದು ಪ್ರತಿಯಲ್ಲಿ ‘ಚೆನ್ನ’ ಎಂದಿದ್ದರೆ ಇನ್ನೊಂದರಲ್ಲಿ ‘ಚನ್ನ’ ಎಂದಿರುವುದು. ಗುಹೇಶ್ವರನು ಗೊಹೇಶ್ವರನಾಗಿರುವುದೂ ಉಂಟು. ‘ಕೂಡಲಸಂಗ’ ಎಂಬಷ್ಟು ಅಕ್ಷರಗಳನ್ನು ಎಲ್ಲಿದ್ದರೂ ಹುಡುಕೆಂದರೆ, ‘ಗಂಗಾಪ್ರಿಯ ಕೂಡಲಸಂಗ’ ಎಂಬ ಅಂಕಿತವುಳ್ಳ ಗಂಗಾಂಬಿಕೆಯ ವಚನಗಳೂ ಬಸವಣ್ಣನವರ ಹೆಸರಿನಲ್ಲಿ ಬಂದು ಕೂಡುವುವು. ಆದುದರಿಂದ ತಿಳಿದವರು ಪ್ರತಿಯೊಬ್ಬ ವಚನಕಾರರಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಆ ಸಂಖ್ಯೆಯಿಂದಲೇ ಕೋಷ್ಟಕಗಳನ್ನು ಜೋಡಿಸುವರು. ನಮ್ಮ ಜನರಲ್ ರಜಿಸ್ಟರಿನ ಕ್ರಮಸಂಖ್ಯೆಯು ಇಂಥದೇ ಕೀಲಿ. ಲಕ್ಷ್ಮಣರಿಗೆ ಆ ಸಂಖ್ಯೆ ನೆನಪಿದ್ದಿದ್ದರೆ ಎರಡು ದಿನಗಳ ಕೆಲಸವು ಎರಡು ನಿಮಿಷಗಳಲ್ಲಿ ಮುಗಿಯುತ್ತಿದ್ದಿತು.

೨. ಸೂಚಿಯೆಂಬ ಉಪಾಯ

ಕ್ರಮಸಂಖ್ಯೆ ತಿಳಿದಿದ್ದರೆ ಸುಲಭ, ಹೆಸರು ಮಾತ್ರ ತಿಳಿದಿದ್ದರೆ ಕಷ್ಟ. ಇದೇಕೆ? ರಜಿಸ್ಟರು ಕ್ರಮಸಂಖ್ಯೆಯ ಅನುಕ್ರಮದಲ್ಲಿದೆ, ಹೆಸರುಗಳ ಅನುಕ್ರಮದಲ್ಲಿಲ್ಲ. ಅನುಕ್ರಮವಿಲ್ಲದೆಡೆ ಮೊದಲಿನಿಂದ ಕೊನೆಯವರೆಗೆ ನೋಡದೆ ಗತ್ಯಂತರವಿಲ್ಲ. ಅನುಕ್ರಮವಿದ್ದೆಡೆ ನಡುವೆ ತೆರೆದು, ಬೇಕಾದುದು ಹಿಂದಿದೆಯೋ ಮುಂದಿದೆಯೋ ಎಂದು ನೋಡಿ, ಅರ್ಧವನ್ನು ಒಮ್ಮೆಲೇ ಬಿಟ್ಟುಬಿಡಬಹುದು. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟ್ಟೆಲರ ಮಹಾನಿಘಂಟಿನಲ್ಲಿ ನೀವು ಪದವನ್ನು ಹುಡುಕುವುದು ಹೀಗೆಯೇ. ೧೦ ಲಕ್ಷ ಹೆಸರುಗಳ ಪಟ್ಟಿಯು ಅಕಾರಾದಿಯಾಗಿ ಇದ್ದರೆ, ೨೦ ಬಾರಿ ಅರ್ಧಿಸುವುದರೊಳಗೆ ಬೇಕಾದ ಹೆಸರನ್ನು ಮುಟ್ಟಬಹುದು. ಏಕೆಂದರೆ ಎರಡನ್ನು ೨೦ ಸಲ ಗುಣಿಸಿದರೆ ೧೦,೪೮,೫೭೬ ಆಗುವುದು.

ಹಾಗಾದರೆ ರಜಿಸ್ಟರನ್ನೇ ಹೆಸರಿನ ಕ್ರಮದಲ್ಲಿ ಮತ್ತೆ ಬರೆಯಬೇಕೆ? ಬೇಡ. ಹೆಸರುಗಳನ್ನು ಅಕಾರಾದಿಯಾಗಿ ಬೇರೊಂದು ಪುಸ್ತಕದಲ್ಲಿ ಬರೆದು, ಪ್ರತಿಯೊಂದರ ಮುಂದೆ ಕ್ರಮಸಂಖ್ಯೆಯನ್ನು ಕಾಣಿಸಿದರೆ ಸಾಕು. ಇದೇ ಸೂಚಿ, ರೂಢಿಯಲ್ಲಿ ಇಂಡೆಕ್ಸ್ ಎನ್ನುವರು.

ಗಣಕಯಂತ್ರದಲ್ಲಿ ಸೂಚಿಯನ್ನು ಮರದ ಆಕಾರದಲ್ಲಿ ಕಟ್ಟುವರು. ಬೋಯಿಂಗ್ ಸಂಸ್ಥೆಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೇಟ್ ಎಂಬವರು ಇದನ್ನು ಶೋಧಿಸಿ, ೧೯೭೨ರಲ್ಲಿ ಪತ್ರಿಕೆಯೊಂದರಲ್ಲಿ ವಿವರಿಸಿದರು. ಇದಕ್ಕೆ ಬಿ-ವೃಕ್ಷವೆಂದು ಹೆಸರು. ನಮ್ಮ ರೈಲುಮಾರ್ಗದಿಂದ ಇದನ್ನು ಸುಲಭವಾಗಿ ತಿಳಿಯಬಹುದು. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರದಿಂದ ಠಾಣೆಯವರೆಗೆ ಮೊದಲ ಗಾಡಿಯು ಓಡಿದ ಮಾರ್ಗವು ಈಗ ಹಲವು ಕವಲುಗಳುಳ್ಳದ್ದು. ಠಾಣೆಯಲ್ಲಿ ಒಂದು ಕವಲು ಐರೋಳಿ, ರಬಾಳೆಗಳ ಕಡೆಗೆ, ಅಂದರೆ ನವಿ ಮುಂಬಯಿಗೆ ತಿರುಗುವುದು. ಕಲ್ಯಾಣದಲ್ಲಿ ಒಂದು ಕವಲು ಟಿಟವಾಳದ ಮೂಲಕ ಕಸಾರಕ್ಕೂ, ಇನ್ನೊಂದು ಅಂಬರನಾಥ, ಬದಲಾಪುರಗಳ ಮೂಲಕ ಕರ್ಜತಿಗೂ ಹೋಗುವುದು. ಬದಲಾಪುರಕ್ಕೆ ಹೋಗುವವನು ಕಸಾರದ ಕಡೆಯ ನಿಲ್ದಾಣಗಳನ್ನು ಒಂದೊಂದಾಗಿ ನೋಡುವುದಿಲ್ಲ. ಠಾಣೆಯಲ್ಲಿ ತಿರುಗದೆ, ಕಲ್ಯಾಣದಲ್ಲಿ ತಿರುಗುವನು. ಎರಡೇ ನಿರ್ಣಯಗಳು, ಉಳಿದ ನಿಲ್ದಾಣಗಳೆಲ್ಲ ತಾವಾಗಿಯೇ ಬಿಟ್ಟುಹೋಗುವುವು. ಬಿ-ವೃಕ್ಷದಲ್ಲಿ ಒಂದೊಂದು ಸಂಧಿಸ್ಥಾನದಿಂದ ಎರಡು ಮೂರಲ್ಲ, ನೂರಾರು ಕವಲುಗಳು ಹೊರಡುವುವು. ಒಂದೊಂದರಿಂದ ೨೦೦ ಕವಲುಗಳೆಂದರೆ, ಮೂರು ಹೆಜ್ಜೆಗಳಲ್ಲಿ ೨೦೦ × ೨೦೦ × ೨೦೦, ಅಂದರೆ ೮೦ ಲಕ್ಷ ಹೆಸರುಗಳೊಳಗಿನ ಒಂದನ್ನು ತಲುಪಬಹುದು.

ಇದರ ಲಾಭವೆಷ್ಟೆಂಬುದನ್ನು ಲೆಕ್ಕಹಾಕೋಣ. ನಿಮಿಷಕ್ಕೆ ೭,೨೦೦ ಸುತ್ತು ತಿರುಗುವ ಡಿಸ್ಕಿನ ತಟ್ಟೆಗೆ ಒಂದು ಸುತ್ತಿಗೆ ಸೆಕೆಂಡಿನ ೧೨೦ರಲ್ಲಿ ಒಂದು ಭಾಗ ಬೇಕು. ೧೦ ಲಕ್ಷ ದಾಖಲೆಗಳು, ಪುಟಕ್ಕೆ ೧೦೦ರಂತೆ, ೧೦,೦೦೦ ಪುಟಗಳಲ್ಲಿವೆಯೆನ್ನೋಣ. ಪುಟಕ್ಕೊಂದು ಸುತ್ತಿನಂತೆ ಎಲ್ಲವನ್ನೂ ಓದಲು ೮೩ ಸೆಕೆಂಡುಗಳಾಗುವುವು. ವೃಕ್ಷದ ಮೂರು ಪುಟಗಳನ್ನೂ ದಾಖಲೆಯ ಒಂದು ಪುಟವನ್ನೂ ಓದಲು ನಾಲ್ಕು ಸುತ್ತುಗಳು, ಅಂದರೆ ಸೆಕೆಂಡಿನ ೩೦ರಲ್ಲಿ ಒಂದು ಭಾಗ ಸಾಕು. ಪುಟಗಳನ್ನು ಸಾಲಾಗಿ ಓದುವಾಗ ಯಂತ್ರವು ಇದಕ್ಕಿಂತ ವೇಗವಾಗಿ ಓದಬಲ್ಲದು; ತಿರುಗುವ ತಟ್ಟೆಯಿಲ್ಲದ ಹೊಸ ಸಂಗ್ರಾಹಕಗಳು ಮತ್ತಷ್ಟು ಶೀಘ್ರವಾದವುಗಳು. ಆದರೂ ಹತ್ತು ಸಾವಿರ ಪುಟಗಳಿಗೂ ನಾಲ್ಕು ಪುಟಗಳಿಗೂ ಇರುವ ಅಂತರವು ಯಂತ್ರವು ಬದಲಾದ ಮಾತ್ರಕ್ಕೆ ಅಳಿಯಲಾರದು. ಐರೋಳಿ, ಮಹಾಪೆಗಳಲ್ಲಿ ಎದ್ದಿರುವ ದೊಡ್ಡ ದತ್ತಕೇಂದ್ರಗಳ ಯಂತ್ರಗಳಿಗೂ ಈ ನಿಯಮವು ಅನ್ವಯಿಸುವುದು.

೩. ಕ್ರಮದೊಳಗಿನ ಕ್ರಮ

ಸೂಚಿಯೊಂದನ್ನು ಎರಡು ಅಂಶಗಳ ಮೇಲೂ ಕಟ್ಟಬಹುದು. ಆಗ ಯಾವುದು ಮೊದಲು, ಯಾವುದು ಅನಂತರ ಎಂಬುದು ಮುಖ್ಯವಾದುದು. ಲೋಕಲ್ ಗಾಡಿಗಳ ವೇಳಾಪಟ್ಟಿಯನ್ನು ಮೊದಲು ನಿಲ್ದಾಣದ ಹೆಸರಿನಿಂದಲೂ, ಪ್ರತಿಯೊಂದು ನಿಲ್ದಾಣದೊಳಗೆ ವೇಳೆಯಿಂದಲೂ ಜೋಡಿಸಿದೆವೆನ್ನಿರಿ. ಡೊಂಬಿವಲಿಯಿಂದ ಬೆಳಗ್ಗೆ ೮ ಗಂಟೆಯ ಮೇಲಿನ ಗಾಡಿಗಳು ಬೇಕಾದರೆ, ಡೊಂಬಿವಲಿಯ ಪುಟವನ್ನು ತೆರೆದು, ೮ ಗಂಟೆಯ ಸಾಲಿನಿಂದ ಕೆಳಕ್ಕೆ ಓದಿದರೆ ತೀರಿತು. ಬೇಕಾದುವೆಲ್ಲ ಒಂದೆಡೆ ಸಾಲಾಗಿ ಇರುವುವು. ಬದಲಾಗಿ, ಮೊದಲು ವೇಳೆಯಿಂದಲೂ ಅನಂತರ ನಿಲ್ದಾಣದಿಂದಲೂ ಜೋಡಿಸಿದ್ದರೆ, ೮ ಗಂಟೆಯ ಮೇಲಿನ ಪ್ರತಿಯೊಂದು ನಿಮಿಷದಲ್ಲಿಯೂ ಡೊಂಬಿವಲಿಯನ್ನು ಹುಡುಕಬೇಕಾದೀತು. ಇದರಿಂದ ಒಂದು ಸೂತ್ರವು ದೊರೆಯುವುದು: ಖಚಿತವಾಗಿ ತಿಳಿದ ಅಂಶವು ಸೂಚಿಯಲ್ಲಿ ಮೊದಲು ಬರಲಿ, ‘ಇಷ್ಟರಿಂದ ಮೇಲೆ’, ‘ಇಷ್ಟರವರೆಗೆ’ ಎನ್ನುವ ಅಂಶವು ಅನಂತರ ಬರಲಿ.

೪. ಪದಗಳ ಸೂಚಿ

ಇನ್ನು ಸೂಚಿಯು ಸೋಲುವ ಸ್ಥಳವನ್ನು ನೋಡೋಣ. ದ್ವಿತೀಯಾಕ್ಷರ ಪ್ರಾಸವನ್ನು ಪಾಲಿಸಿ ಪದ್ಯವನ್ನು ರಚಿಸುವವನಿಗೆ, ಎರಡನೆಯ ಅಕ್ಷರವು ‘ಳ’ ಆಗಿರುವ ಪದಗಳು ಬೇಕಾಗಿವೆಯೆನ್ನೋಣ. ನಿಘಂಟು ಎಷ್ಟೇ ಅಚ್ಚುಕಟ್ಟಾಗಿದ್ದರೂ ಅವನಿಗೆ ಸಹಾಯವಾಗದು. ಅದು ಮೊದಲ ಅಕ್ಷರದ ಕ್ರಮದಲ್ಲಿದೆ. ಅದೇ ರೀತಿ, ಪ್ರಬಂಧದ ನಡುವೆ ಎಲ್ಲಿಯೋ ಇರುವ ಪದವೊಂದನ್ನು ಹುಡುಕಿರೆಂದರೆ ಬಿ-ವೃಕ್ಷವು ಕೈಚೆಲ್ಲುವುದು. ಯಂತ್ರವು ಎಲ್ಲ ಪ್ರಬಂಧಗಳನ್ನೂ ಓದತೊಡಗುವುದು. ಮಾಹಿತಿಶೋಧನೆಯು ಮಂದವಾಗುವುದಕ್ಕೆ ಸಾಮಾನ್ಯವಾದ ಕಾರಣವಿದು.

ಇದಕ್ಕೆ ಪರಿಹಾರವು ಗ್ರಂಥಗಳ ಕೊನೆಯಲ್ಲಿರುವ ಶಬ್ದಸೂಚಿಯಂಥದು. ಅಲ್ಲಿ ಪುಟದಿಂದ ಪದಕ್ಕಲ್ಲ, ಪದದಿಂದ ಪುಟಕ್ಕೆ ದಾರಿ. ಆದುದರಿಂದ ಇದನ್ನು ವಿಲೋಮ ಸೂಚಿಯೆಂದು ಕರೆಯಬಹುದು. ನಮ್ಮ ವಾರ್ಷಿಕ ಸಂಚಿಕೆಗಳ ಲೇಖನಗಳನ್ನೆಲ್ಲ ಹೀಗೆ ಸೂಚಿಗೊಳಿಸಿದರೆ, ‘ಮಳೆ’ ಎಂಬ ಪದದ ಮುಂದೆ ಅದು ಬರುವ ಎಲ್ಲ ಲೇಖನಗಳ ಸಂಖ್ಯೆಗಳೂ, ‘ಕಪ್ಪೆ’ ಎಂಬ ಪದದ ಮುಂದೆ ಅದರವೂ ಇರುವುವು. ಎರಡು ಪದಗಳೂ ಇರುವ ಲೇಖನಗಳು ಬೇಕಾದರೆ ಎರಡು ಸಾಲುಗಳಲ್ಲಿ ಸಮಾನವಾದ ಸಂಖ್ಯೆಗಳನ್ನು ಆರಿಸಿದರಾಯಿತು. ಮಳೆಯ ಸಾಲಿನಲ್ಲಿ ೩೦೦ ಸಂಖ್ಯೆಗಳೂ ಕಪ್ಪೆಯ ಸಾಲಿನಲ್ಲಿ ೪ ಸಂಖ್ಯೆಗಳೂ ಇದ್ದರೆ ಎಲ್ಲಿಂದ ಆರಂಭಿಸಬೇಕು? ನಾಲ್ಕರಿಂದ. ಚಿಕ್ಕ ಸಾಲಿನಿಂದ ಹೊರಟು ದೊಡ್ಡದರಲ್ಲಿ ಪರೀಕ್ಷಿಸುವುದು ಶ್ರಮವನ್ನು ಉಳಿಸುವ ಮಾರ್ಗ. ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ೧೯೮೬ರಲ್ಲಿ ಆರಂಭವಾದ ಪೋಸ್ಟ್‌ಗ್ರೆಸ್ ಎಂಬ ಉಚಿತ ದತ್ತಸಂಚಯ ತಂತ್ರಾಂಶಕ್ಕೆ ೨೦೦೬ರಲ್ಲಿ ವಿಲೋಮ ಸೂಚಿಯೂ, ೨೦೦೮ರಲ್ಲಿ ಪೂರ್ಣಪಠ್ಯ ಶೋಧನೆಯೂ ಅಂಗವಾಗಿ ಸೇರಿದುವು.

ಸಿಕ್ಕಿದ ಲೇಖನಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕೆಂಬುದೂ ಒಂದು ಪ್ರಶ್ನೆ. ೧೯೭೨ರಲ್ಲಿ ಕೇಂಬ್ರಿಜಿನ ವಿದುಷಿ ಕ್ಯಾರೆನ್ ಸ್ಪಾರ್ಕ್ ಜೋನ್ಸ್ ಅವರು ಒಂದು ಸರಳ ತತ್ವವನ್ನು ಪ್ರತಿಪಾದಿಸಿದರು: ಎಲ್ಲೆಡೆಯೂ ಬರುವ ಪದಕ್ಕೆ ತೂಕ ಕಡಿಮೆ, ಅಪರೂಪವಾಗಿ ಬರುವ ಪದಕ್ಕೆ ತೂಕ ಹೆಚ್ಚು. ೧,೦೦೦ ಲೇಖನಗಳಲ್ಲಿ ಹತ್ತರಲ್ಲಿ ಮಾತ್ರ ಬರುವ ಪದಕ್ಕೆ ೧,೦೦೦ವನ್ನು ೧೦ರಿಂದ ಭಾಗಿಸಿದ ೧೦೦ರ ಲಾಗರಿದಮ್, ಅಂದರೆ ೨, ತೂಕವಾಗುವುದು. ಸಾವಿರದಲ್ಲಿಯೂ ಬರುವ ‘ಮತ್ತು’ ಎಂಬ ಪದಕ್ಕೆ ೧ರ ಲಾಗರಿದಮ್, ಅಂದರೆ ಸೊನ್ನೆ.

೫. ಸೂಚಿಯ ಬೆಲೆ

ಇಷ್ಟು ಪ್ರಯೋಜನವಿದ್ದರೆ ಎಲ್ಲ ಅಂಶಗಳ ಮೇಲೂ ಸೂಚಿಯನ್ನು ಕಟ್ಟಬಾರದೇಕೆ ಎಂದು ನೀವು ಕೇಳಬಹುದು. ಸೂಚಿಯು ಪುಕ್ಕಟೆಯಲ್ಲ. ಹೊಸ ವಿದ್ಯಾರ್ಥಿಯೊಬ್ಬನು ಸೇರಿದಾಗ ರಜಿಸ್ಟರಿನಲ್ಲಿ ಒಂದು ಸಾಲನ್ನು ಬರೆದರೆ ಸಾಲದು. ಹೆಸರಿನ ಸೂಚಿಯಲ್ಲಿ, ಊರಿನ ಸೂಚಿಯಲ್ಲಿ, ವರ್ಷದ ಸೂಚಿಯಲ್ಲಿ ಹೀಗೆ ಎಲ್ಲೆಡೆಯೂ ಸರಿಯಾದ ಸ್ಥಳದಲ್ಲಿ ಬರೆಯಬೇಕು. ಹುಡುಕುವಾಗ ಉಳಿಯುವ ಶ್ರಮವನ್ನು ಬರೆಯುವಾಗ ಮುಂಗಡವಾಗಿ ಸಲ್ಲಿಸಬೇಕಾಗುವುದು. ಅಪರೂಪಕ್ಕೆ ಕೇಳುವ ಪ್ರಶ್ನೆಗೆ ಹೀಗೆ ಮುಂಗಡ ಕೊಡುವುದು ದುಂದು.

ಮೇಲಾಗಿ, ಸೂಚಿಯು ಕೆಲವೆಡೆ ನಿರುಪಯುಕ್ತ. ನಮ್ಮ ವಿದ್ಯಾರ್ಥಿಗಳಲ್ಲಿ ಠಾಣೆ ಜಿಲ್ಲೆಯಲ್ಲಿ ವಾಸಿಸುವವರ ಹೆಸರುಗಳನ್ನು ಕೊಡಿರೆಂದರೆ ಹೆಚ್ಚುಕಡಿಮೆ ಇಡೀ ರಜಿಸ್ಟರೇ ಉತ್ತರವಾಗುವುದು. ಆಗ ಸೂಚಿಗೂ ರಜಿಸ್ಟರಿಗೂ ಮತ್ತೆ ಮತ್ತೆ ಓಡಾಡುವುದಕ್ಕಿಂತ ರಜಿಸ್ಟರನ್ನೇ ಸಾಲಾಗಿ ಓದುವುದು ಲೇಸು. ಯಾವಾಗ ಸೂಚಿ, ಯಾವಾಗ ಸಾಲು ಎಂಬುದನ್ನು ಯಂತ್ರವೇ ಲೆಕ್ಕಹಾಕಿ ನಿರ್ಣಯಿಸುವ ವಿಧಾನವನ್ನು ಐ.ಬಿ.ಎಂ. ಸಂಸ್ಥೆಯ ಪೆಟ್ರೀಷಿಯಾ ಸೆಲಿಂಜರ್ ಮತ್ತು ಅವರ ಸಂಗಡಿಗರು ೧೯೭೯ರಲ್ಲಿ ಪ್ರಕಟಿಸಿದರು. ಯಾವ ಅಂಶದಲ್ಲಿ ಎಷ್ಟು ಬಗೆಯ ಬೆಲೆಗಳಿವೆಯೆಂಬ ಅಂಕಿಸಂಖ್ಯೆಗಳನ್ನು ಆಧರಿಸಿ ಯಂತ್ರವು ದಾರಿಯನ್ನು ಆರಿಸುವುದು. ಆ ಅಂಕಿಸಂಖ್ಯೆಗಳು ಹಳೆಯವಾದರೆ ದಾರಿಯೂ ತಪ್ಪುವುದು. ಎಸ್.ಕ್ಯೂ.ಎಲ್. ಬಳಸುವ ಹಲವು ತಂತ್ರಾಂಶಗಳಲ್ಲಿ ಪ್ರಶ್ನೆಯ ಹಿಂದೆ ‘ಎಕ್ಸ್‌ಪ್ಲೇನ್’ ಎಂಬ ಪದವನ್ನು ಸೇರಿಸಿದರೆ, ಯಂತ್ರವು ತಾನು ಆರಿಸಿದ ದಾರಿಯನ್ನು ತಿಳಿಸುವುದು. ಶೋಧನೆಯು ಮಂದವಾಯಿತೆಂದು ಹೊಸ ಯಂತ್ರವನ್ನು ಕೊಳ್ಳುವ ಮೊದಲು ಇದನ್ನು ಕೇಳಿ ನೋಡುವುದು ವಿವೇಕ. ನಾಡಿಯನ್ನು ನೋಡದೆ ಔಷಧವನ್ನು ಕೊಡಬಾರದು.

೬. ಕನ್ನಡದ ತೊಡಕು

ಇಲ್ಲಿಯವರೆಗೆ ವೇಗವನ್ನು ಕುರಿತು ಹೇಳಿದೆವು. ಆದರೆ ನಮ್ಮ ಲಕ್ಷ್ಮಣರ ಪ್ರಸಂಗದಲ್ಲಿ ವೇಗಕ್ಕೆ ಕೊರತೆಯಿರಲಿಲ್ಲ. ಕ್ಷಣದಲ್ಲಿ ಬಂದ ಉತ್ತರವೇ ತಪ್ಪಾಗಿತ್ತು. ಶೋಧನೆಯನ್ನು ಪರೀಕ್ಷಿಸುವವರು ಎರಡು ಪ್ರಶ್ನೆಗಳನ್ನು ಕೇಳುವರು. ಸಿಗಬೇಕಾದುದೆಲ್ಲ ಸಿಕ್ಕಿತೆ? ಸಿಕ್ಕಿದುದೆಲ್ಲ ಬೇಕಾದುದೆ? ಕನ್ನಡದಲ್ಲಿ ಇವೆರಡಕ್ಕೂ ಹೌದೆನ್ನಿಸುವುದು ಸುಲಭವಲ್ಲ. ಅದಕ್ಕೆ ಮೂರು ಕಾರಣಗಳುಂಟು.

ಮೊದಲನೆಯದು ಲಿಪಿಯ ಸಂಕೇತಗಳದು. ೧೯೯೧ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆಯಿತು. ಆದರೆ ಅದರಲ್ಲಿ ‘ಕೀ’ ಎಂಬುದನ್ನು ಎರಡು ಬಗೆಯಾಗಿ ಬರೆಯಬಹುದು: ಕಕಾರಕ್ಕೆ ದೀರ್ಘ ಈಕಾರದ ಒಂದೇ ಚಿಹ್ನೆಯನ್ನು ಹಚ್ಚಿ, ಇಲ್ಲವೆ ಹ್ರಸ್ವದ ಚಿಹ್ನೆಯನ್ನೂ ದೀರ್ಘದ ಚಿಹ್ನೆಯನ್ನೂ ಬೇರೆ ಬೇರೆಯಾಗಿ ಹಚ್ಚಿ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಆದುದರಿಂದ ಸೂಚಿಯನ್ನು ಕಟ್ಟುವ ಮೊದಲು ಎಲ್ಲ ಬರಹವನ್ನೂ ಒಂದೇ ರೂಪಕ್ಕೆ ತರಬೇಕು. ಪ್ರಶ್ನೆಯನ್ನೂ ಅದೇ ರೂಪಕ್ಕೆ ತರಬೇಕು. ಯೂನಿಕೋಡಿಗೆ ಮೊದಲಿನ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತಗಳನ್ನಂತೂ ಪರಿವರ್ತಿಸದೆ ಹುಡುಕುವುದೇ ಸಾಧ್ಯವಿಲ್ಲ.

ಎರಡನೆಯದು ಕಾಗುಣಿತದ ಭೇದ. ಯಂತ್ರದ ಲೆಕ್ಕದಲ್ಲಿ ‘ಲಕ್ಷ್ಮಣ’, ‘ಲಕ್ಷುಮಣ’ ಎರಡೂ ಏಳೇಳು ಸಂಕೇತಗಳ ಪದಗಳು. ಆರು ಸಂಕೇತಗಳು ಸಮಾನ, ಐದನೆಯದೊಂದೇ ಬೇರೆ. ಒಂದರಲ್ಲಿ ಅಲ್ಲಿ ಅರ್ಧಾಕ್ಷರದ ಚಿಹ್ನೆ, ಇನ್ನೊಂದರಲ್ಲಿ ಉಕಾರ. ಆ ಒಂದು ಸಂಕೇತವು ಮುದುಕರೊಬ್ಬರನ್ನು ಎರಡು ದಿನ ಕಾಯಿಸಿತು. ಇದಕ್ಕೆ ಪರಿಹಾರವಿದೆ. ಪದವನ್ನು ಮೂರು ಮೂರು ಸಂಕೇತಗಳ ತುಂಡುಗಳಾಗಿ ಒಡೆದು, ಆ ತುಂಡುಗಳಿಗೆ ಸೂಚಿಯನ್ನು ಕಟ್ಟಿದರೆ, ಎರಡು ಹೆಸರುಗಳ ಐದೈದು ತುಂಡುಗಳಲ್ಲಿ ಎರಡು ಕೂಡಿಬರುವುವು. ಆಗ ಯಂತ್ರವು ‘ಇಲ್ಲ’ವೆನ್ನದೆ, ‘ಇಂಥದೊಂದು ಹತ್ತಿರದ ಹೆಸರಿದೆ’ಯೆಂದು ಹೇಳಬಲ್ಲದು.

ಮೂರನೆಯದು ಭಾಷೆಯ ಸ್ವಭಾವಕ್ಕೆ ಸೇರಿದುದು. ‘ಮನೆ’ ಎಂದು ಹುಡುಕಿದರೆ ಮನೆಯನ್ನು, ಮನೆಗೆ, ಮನೆಯಿಂದ, ಮನೆಗಳಲ್ಲಿ ಎಂಬ ರೂಪಗಳೂ ಸಿಗಬೇಕು. ಪದದ ಆದಿಯು ಹೊಂದಿದರೆ ಸಾಕೆನ್ನೋಣವೇ? ಹಾಗಾದರೆ ‘ಮರ’ ಎಂದು ಹುಡುಕಿದವನಿಗೆ ಮರಳು, ಮರಣಗಳೂ ಬರುವುವು. ಸ್ವರಚಿಹ್ನೆಗಳು ಯಂತ್ರದಲ್ಲಿ ಪ್ರತ್ಯೇಕ ಸಂಕೇತಗಳಾದುದರಿಂದ ಮರಿ, ಮರೆವುಗಳೂ ಬಂ‍ದು ಮುತ್ತುವುವು. ಸಂಧಿಯ ತೊಡಕು ಇದಕ್ಕೂ ಮಿಗಿಲು. ‘ಕಾಲ’ ಎಂಬುದನ್ನು ಹುಡುಕಿದರೆ ‘ಮಳೆಗಾಲ’ವು ಸಿಗದು, ‘ತಾವರೆ’ಯನ್ನು ಹುಡುಕಿದರೆ ‘ಬೆಟ್ಟದಾವರೆ’ಯು ಸಿಗದು. ಅಷ್ಟೇಕೆ, ‘ಕನ್ನಡ’ವನ್ನು ಹುಡುಕಿದರೆ ‘ಹಳಗನ್ನಡ’ವು ಸಿಗದು! ಕಕಾರಕ್ಕೆ ಗಕಾರವೂ ತಕಾರಕ್ಕೆ ದಕಾರವೂ ಆದೇಶವಾಗಿ ಬರುವುದನ್ನು ನೀವು ವ್ಯಾಕರಣದ ತರಗತಿಯಲ್ಲಿ ಕಲಿತಿರುವಿರಿ, ಯಂತ್ರವು ಕಲಿತಿಲ್ಲ. ಇಂಗ್ಲಿಷ್ ಪದಗಳ ಪ್ರತ್ಯಯವನ್ನು ಕಳಚಿ ಮೂಲರೂಪವನ್ನು ಸೂಚಿಗೆ ಸೇರಿಸುವ ನಿಯಮಗಳು ತಂತ್ರಾಂಶಗಳಲ್ಲಿ ಸಿದ್ಧವಾಗಿವೆ. ಪೋಸ್ಟ್‌ಗ್ರೆಸಿನ ೨೦೨೪ರ ೧೭ನೆಯ ಆವೃತ್ತಿಯಲ್ಲಿ ಹಿಂದಿ, ತಮಿಳು, ನೇಪಾಳಿಗಳಿಗೂ ಅಂಥ ನಿಯಮಗಳಿದ್ದುವು, ಕನ್ನಡಕ್ಕೆ ಇರಲಿಲ್ಲ.

ಹೀಗೆಂದು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಫ. ಗು. ಹಳಕಟ್ಟಿಯವರು ಊರೂರು ಅಲೆದು, ತಾಡವೋಲೆಗಳನ್ನು ಕೂಡಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಮುಂದೆ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಾಹಿತ್ಯವು ೧೫ ಸಂಪುಟಗಳಲ್ಲಿ ಹೊರಬಂದಿತು. ಅನಂತರ ಓ. ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ ಮೊದಲಾದವರ ಪ್ರಯತ್ನದಿಂದ ‘ವಚನ ಸಂಚಯ’ವೆಂಬ ಜಾಲತಾಣವು ಸಿದ್ಧವಾಯಿತು. ಪದವೊಂದನ್ನು ಕೊಟ್ಟರೆ, ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟ ವಚನಗಳಲ್ಲಿ ಅದು ಬರುವ ಸ್ಥಳಗಳನ್ನು ಅದು ತೋರಿಸಿಕೊಡುವುದು. ಒಬ್ಬರು ಕೂಡಿಸಿದರು, ಒಬ್ಬರು ಶೋಧಿಸಿದರು, ಮತ್ತೊಬ್ಬರು ಸೂಚಿಗೊಳಿಸಿದರು. ಈ ಮೂರು ತಲೆಮಾರುಗಳಲ್ಲಿ ಯಾವುದೊಂದು ಸುಮ್ಮನಿದ್ದಿದ್ದರೂ ಇಂದಿನ ವಿದ್ಯಾರ್ಥಿಗೆ ಆ ಪದವು ಸಿಗುತ್ತಿರಲಿಲ್ಲ.

ಉಪಸಂಹಾರ

ಗ್ರಂಥಾಲಯಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಐದು ಸೂತ್ರಗಳನ್ನು ಸಾರಿದರು. ಓದುಗನ ಕಾಲವನ್ನು ಉಳಿಸಬೇಕೆಂಬುದು ಅವುಗಳಲ್ಲಿ ನಾಲ್ಕನೆಯದು. ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, ೧೯೬೨ರಲ್ಲಿ ಅಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿದರು. ಓದುಗನ ಕಾಲವು ತಾನಾಗಿ ಉಳಿಯುವುದಿಲ್ಲ; ಬೇರೊಬ್ಬರು ತಮ್ಮ ಕಾಲವನ್ನು ಮೊದಲೇ ವ್ಯಯಿಸಿದ್ದರೆ ಮಾತ್ರ ಉಳಿಯುವುದು. ದತ್ತಸಂಚಯದ ಎಲ್ಲ ಸೂಚಿಗಳ ತಾತ್ಪರ್ಯವೂ ಇಷ್ಟೆ.

ಲಕ್ಷ್ಮಣರಿಗೆ ಅವರ ದಾಖಲೆಯು ದೊರೆಯಿತು. ಅವರು ಹೋದ ಬಳಿಕ ನಾವು ರಜಿಸ್ಟರಿನ ಕೋಷ್ಟಕಕ್ಕೆ ಎರಡು ಹೊಸ ಅಂಕಣಗಳನ್ನು ಸೇರಿಸಿದೆವು: ಹೆಸರಿನ ಮೂಲರೂಪ ಮತ್ತು ಊರು. ಗುರುಗಳು ಅಂದು ಬರೆದುದನ್ನು ತಿದ್ದಲಿಲ್ಲ. ಅದು ದಾಖಲೆ, ಹಾಗೆಯೇ ಇರಬೇಕು. ಅದರ ಪಕ್ಕದಲ್ಲಿ ಸೂಚಿಗಾಗಿ ಇನ್ನೊಂದು ರೂಪವನ್ನು ಬರೆದೆವು. ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿಗಳು ಶನಿವಾರಗಳಂದು ಕುಳಿತು, ಲಕ್ಷುಮಣನ ಮುಂದೆ ಲಕ್ಷ್ಮಣನನ್ನೂ, ರಾಮಚಂದರನ ಮುಂದೆ ರಾಮಚಂದ್ರನನ್ನೂ ಬರೆಯುತ್ತಿರುವರು. ಕೆಲಸವು ಇನ್ನೂ ಮುಗಿದಿಲ್ಲ. ಠಾಣೆ, ಕಲ್ಯಾಣ, ಡೊಂಬಿವಲಿಗಳಿಗೆ ಹೊಟ್ಟೆಪಾಡಿಗಾಗಿ ಬಂದ ಕನ್ನಡಿಗರ ಮಕ್ಕಳ ಹೆಸರುಗಳು ಈ ಹಳೆಯ ರಜಿಸ್ಟರುಗಳಲ್ಲಿವೆ. ಅನೇಕರಿಗೆ ತಾವು ಕಲಿತವರೆಂಬುದಕ್ಕೆ ಬೇರೆ ಸಾಕ್ಷಿಯಿಲ್ಲ.

ಸಂಧಿ, ವಿಭಕ್ತಿಗಳನ್ನು ಕಲಿತು ಪ್ರಯೋಜನವೇನೆಂದು ನಿಮ್ಮಲ್ಲಿ ಕೆಲವರು ನಮ್ಮನ್ನು ಆಗಾಗ ಕೇಳುವುದುಂಟು. ಯಂತ್ರಕ್ಕೆ ಕನ್ನಡವನ್ನು ಕಲಿಸಬೇಕಾದವರು ಕನ್ನಡ ಬಲ್ಲವರೇ ಆಗಿರಬೇಕು ಎಂಬುದು ಅದಕ್ಕೆ ನಮ್ಮ ಉತ್ತರ. ಗಣಿತವನ್ನು ಚೆನ್ನಾಗಿ ಕಲಿಯಿರಿ. ವ್ಯಾಕರಣವನ್ನೂ ಅಷ್ಟೇ ಚೆನ್ನಾಗಿ ಕಲಿಯಿರಿ. ಆಗ ಹಳಗನ್ನಡದೊಳಗಿನ ಕನ್ನಡವನ್ನು ಕಂಡುಹಿಡಿಯುವ ಸೂಚಿಯನ್ನು ನಿಮ್ಮಲ್ಲಿಯೇ ಒಬ್ಬರು ಕಟ್ಟುವಿರಿ.

ಅಭ್ಯಾಸ

೧. ಅಕಾರಾದಿಯಾಗಿ ಜೋಡಿಸಿದ ೭,೦೦೦ ಹೆಸರುಗಳ ಪಟ್ಟಿಯಲ್ಲಿ ಒಂದನ್ನು ಹುಡುಕಲು ಹೆಚ್ಚೆಂದರೆ ಎಷ್ಟು ಬಾರಿ ಅರ್ಧಿಸಬೇಕಾಗುವುದು?

೨. ನಿಮ್ಮ ಕನ್ನಡ ಪಠ್ಯಪುಸ್ತಕದ ಒಂದು ಪಾಠದಿಂದ ಹತ್ತು ಪದಗಳನ್ನು ಆರಿಸಿ, ಅವು ಬರುವ ಪುಟಗಳ ವಿಲೋಮ ಸೂಚಿಯನ್ನು ಬರೆಯಿರಿ.

೩. ಆದೇಶ ಸಂಧಿಯಿಂದಾಗಿ ಯಂತ್ರಕ್ಕೆ ಸಿಗದೆಹೋಗುವ ಐದು ಪದಗಳನ್ನು ಕೊಟ್ಟು, ಪ್ರತಿಯೊಂದರ ಮುಂದೆ ಸೂಚಿಗೆ ಸೇರಿಸಬೇಕಾದ ಮೂಲರೂಪವನ್ನು ಬರೆಯಿರಿ.

೪. ನಿಮ್ಮ ಮನೆಯ ಹಿರಿಯರ ಹೆಸರು ಬೇರೆ ಬೇರೆ ಕಾಗದಪತ್ರಗಳಲ್ಲಿ ಹೇಗೆ ಹೇಗೆ ಬರೆಯಲ್ಪಟ್ಟಿದೆಯೆಂಬುದನ್ನು ನೋಡಿ, ಭೇದಗಳನ್ನು ಪಟ್ಟಿಮಾಡಿರಿ.